ಕಾಲೇಜು ಗ್ರಾಂಟ್ ಮತ್ತು ಎಜುಕೇಶನ್ ಕ್ರೆಡಿಟ್: ಅಮೆರಿಕದ ಟ್ಯಾಕ್ಸ್ ರಿಟರ್ನ್‌ನಲ್ಲಿ ಹಂತ ಹಂತವಾಗಿ ತೋರಿಸುವ ಬಗೆ

ಜನವರಿ ಕೊನೆಯ ವಾರ ಮಗಳ ಕಾಲೇಜಿನ ಪೋರ್ಟಲ್‌ನಲ್ಲಿ ಒಂದು ಪುಟದ ಫಾರ್ಮ್ ಬಂದು ಕೂತಿರುತ್ತದೆ. ಅದರ ಹೆಸರು 1098-ಟಿ. ಅದರಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಎರಡೇ ಅಂಕಿ. ಬಾಕ್ಸ್ 1ರಲ್ಲಿ ಆ ವರ್ಷ ಕಾಲೇಜಿಗೆ ಸಂದ ಫೀಸು, ಬಾಕ್ಸ್ 5ರಲ್ಲಿ ಸಿಕ್ಕ ಗ್ರಾಂಟ್ ಮತ್ತು ಸ್ಕಾಲರ್‌ಶಿಪ್. ಮೊದಲ ವರ್ಷ ನಾನು ಆ ಎರಡು ಅಂಕಿಗಳನ್ನು ಸಾಫ್ಟ್‌ವೇರ್‌ಗೆ ಹಾಗೇ ತುಂಬಿಸಿ, ಅದು ತೋರಿಸಿದಷ್ಟು ಕ್ರೆಡಿಟ್ ತೆಗೆದುಕೊಂಡು ರಿಟರ್ನ್ ಕಳಿಸಿಬಿಟ್ಟೆ.

ಮಾರನೇ ವರ್ಷ ಊರಿನ ಲೈಬ್ರರಿಯಲ್ಲಿ ಉಚಿತವಾಗಿ ರಿಟರ್ನ್ ತುಂಬಿಕೊಡುವ ಸ್ವಯಂಸೇವಕರೊಬ್ಬರ ಮುಂದೆ ಕೂತಿದ್ದೆ. ಅವರು 1098-ಟಿಯನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟರು. "ಕಾಲೇಜಿನ ಅಕೌಂಟ್ ಸ್ಟೇಟ್‌ಮೆಂಟ್ ತಂದಿದ್ದೀರಾ? ಮಗಳ ರಿಟರ್ನ್ ಎಲ್ಲಿ?" ಅಂದರು. ಎರಡೂ ನನ್ನ ಹತ್ತಿರ ಇರಲಿಲ್ಲ. ಆಮೇಲೆ ಎರಡನ್ನೂ ತಂದು ಕೂತಾಗ, ಹಿಂದಿನ ವರ್ಷ ನಾವು ಸಾವಿರ ಡಾಲರ್‌ಗೂ ಜಾಸ್ತಿ ಕೈಬಿಟ್ಟಿದ್ದೆವು ಅಂತ ಗೊತ್ತಾಯಿತು.

ಅಲ್ಲಿಂದ ಈಚೆಗೆ ನಮ್ಮ ಮನೆಯಲ್ಲಿ ಒಂದೇ ಪದ್ಧತಿ. ನಮ್ಮ ರಿಟರ್ನ್ ಮತ್ತು ಮಗಳ ರಿಟರ್ನ್ ಎರಡನ್ನೂ ಒಂದೇ ಮೇಜಿನ ಮೇಲೆ, ಒಂದೇ ದಿನ ತುಂಬುತ್ತೇವೆ. ಗ್ರಾಂಟ್ ಮಗಳ ರಿಟರ್ನ್‌ಗೆ ಸೇರಿದ್ದು, ಕ್ರೆಡಿಟ್ ನಮ್ಮ ರಿಟರ್ನ್‌ಗೆ ಸೇರಿದ್ದು. ಒಂದರಲ್ಲಿ ಏನು ಬರೆಯುತ್ತೇವೋ ಅದು ಇನ್ನೊಂದನ್ನು ಬದಲಿಸುತ್ತದೆ. ಕೆಳಗಿನ ಲೆಕ್ಕವೆಲ್ಲ 2025ರ ರಿಟರ್ನ್‌ಗೆ, ಅಂದರೆ 2026ರ ಏಪ್ರಿಲ್ 15ರೊಳಗೆ ಸಲ್ಲಿಸಬೇಕಾದದ್ದಕ್ಕೆ. ಇದು ಅಮೆರಿಕದ ಫೆಡರಲ್ ತೆರಿಗೆಯ ವಿಚಾರ. ರಾಜ್ಯದ ರಿಟರ್ನ್‌ಗೆ ಬೇರೆ ನಿಯಮಗಳಿರಬಹುದು.

ಮೊದಲು ಮೂರು ಮಾತು ತಿಳಿಯಾಗಲಿ

ನಮ್ಮೂರಲ್ಲಿ ಟ್ಯೂಷನ್ ಅಂದರೆ ಸಂಜೆ ಮೇಷ್ಟ್ರ ಮನೆಗೆ ಹೋಗಿ ಕಲಿಯುವ ಪಾಠ. ಇಲ್ಲಿ ಟ್ಯೂಷನ್ ಅಂದರೆ ಕಾಲೇಜೇ ತೆಗೆದುಕೊಳ್ಳುವ ಬೋಧನೆಯ ಫೀಸು.

ಗ್ರಾಂಟ್ ಅಂದರೆ ವಾಪಸ್ ಕೊಡಬೇಕಿಲ್ಲದ ನೆರವು. ಪೆಲ್ ಗ್ರಾಂಟ್ ಸರ್ಕಾರದ್ದು, ಇನ್ನು ಕೆಲವು ರಾಜ್ಯದ್ದು ಅಥವಾ ಕಾಲೇಜಿನದ್ದೇ. ತೆರಿಗೆ ಲೆಕ್ಕದಲ್ಲಿ ಗ್ರಾಂಟ್‌ಗೂ ಸ್ಕಾಲರ್‌ಶಿಪ್‌ಗೂ ಒಂದೇ ನಿಯಮ. ಸಾಲ ಬೇರೆ. ಸಾಲ ಮಾಡಿ ಕಟ್ಟಿದ ಫೀಸು ನಿಮ್ಮ ಜೇಬಿನಿಂದಲೇ ಕಟ್ಟಿದ ಹಾಗೆ. ಅದಕ್ಕೆ ಕ್ರೆಡಿಟ್ ಸಿಗುತ್ತದೆ.

ಕ್ರೆಡಿಟ್ ಅಂದರೆ ಏನು ಅನ್ನುವುದನ್ನು ಭಾರತದಲ್ಲಿ ರಿಟರ್ನ್ ತುಂಬಿ ಅಭ್ಯಾಸವಾದವರು ಸ್ವಲ್ಪ ನಿಂತು ನೋಡಬೇಕು. ಅಲ್ಲಿ 80ಸಿ ಕೆಳಗೆ ಮಕ್ಕಳ ಫೀಸು ತೋರಿಸಿದರೆ ಅದು ಆದಾಯದಿಂದ ಕಳೆಯುತ್ತದೆ. ಇಲ್ಲಿನ ಎಜುಕೇಶನ್ ಕ್ರೆಡಿಟ್ ಕಳೆಯುವುದು ತೆರಿಗೆಯಿಂದಲೇ. ಸಾವಿರ ಡಾಲರ್ ಕ್ರೆಡಿಟ್ ಅಂದರೆ ಕಟ್ಟಬೇಕಾದ ತೆರಿಗೆಯಲ್ಲಿ ಪೂರ್ತಿ ಸಾವಿರ ಕಡಿಮೆ.

ಹಂತ 1: ನಿಮಗೆ ಕ್ರೆಡಿಟ್ ಸಿಗುತ್ತದಾ ಅಂತ ಮೊದಲೇ ನೋಡಿಕೊಳ್ಳಿ

ಇಲ್ಲಿ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ. ಅದಕ್ಕೇ ಇದು ಮೊದಲ ಹಂತ.

ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಎಂಎಸ್ ಮಾಡಲು ಎಫ್-1 ವೀಸಾದಲ್ಲಿ ಬಂದವರು ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ತೆರಿಗೆ ಲೆಕ್ಕದಲ್ಲಿ ನಾನ್‌ರೆಸಿಡೆಂಟ್, ಅಂದರೆ ಇಲ್ಲೇ ಇದ್ದರೂ ತೆರಿಗೆಗೆ ಇಲ್ಲಿನ ನಿವಾಸಿ ಅಲ್ಲ. ಡಿಸೆಂಬರ್‌ನಲ್ಲಿ ಬಂದಿಳಿದರೂ ಆ ವರ್ಷ ಒಂದು ಅಂತ ಲೆಕ್ಕ. ನಾನ್‌ರೆಸಿಡೆಂಟ್‌ಗೆ ಈ ಕ್ರೆಡಿಟ್‌ಗಳು ಸಿಗುವುದಿಲ್ಲ. ಅಮೆರಿಕದ ಪ್ರಜೆಯನ್ನೋ ರೆಸಿಡೆಂಟನ್ನೋ ಮದುವೆಯಾಗಿ, ರೆಸಿಡೆಂಟ್ ಆಗಿ ಲೆಕ್ಕ ಹಿಡಿಯಿರಿ ಅಂತ ಆಯ್ಕೆ ಮಾಡಿಕೊಂಡು ಜಂಟಿ ರಿಟರ್ನ್ ಸಲ್ಲಿಸುವವರಿಗೆ ಮಾತ್ರ ವಿನಾಯಿತಿ ಇದೆ.

ಆದರೂ ಪ್ರತಿ ವರ್ಷ ಎಷ್ಟೋ ಹುಡುಗರು ರೂಮ್‌ಮೇಟ್ ಹೇಳಿದ ಅಂತ ಸಾಮಾನ್ಯ ಸಾಫ್ಟ್‌ವೇರ್‌ನಲ್ಲಿ 1040 (ರೆಸಿಡೆಂಟ್‌ಗಳ ಮುಖ್ಯ ರಿಟರ್ನ್ ಫಾರ್ಮ್) ತುಂಬಿ, 1098-ಟಿ ಹಾಕಿ, ಸಾವಿರ ಡಾಲರ್ ರಿಫಂಡ್ ತೆಗೆದುಕೊಂಡುಬಿಡುತ್ತಾರೆ. ಕಾಲೇಜು 1098-ಟಿ ಕೊಟ್ಟಿದೆ ಅಂದ ಮಾತ್ರಕ್ಕೆ ನೀವು ಅರ್ಹರು ಅಂತ ಅರ್ಥವಲ್ಲ. ನೀವು ತುಂಬಬೇಕಾದದ್ದು 1040-ಎನ್‌ಆರ್ (ನಾನ್‌ರೆಸಿಡೆಂಟ್‌ಗಳ ರಿಟರ್ನ್) ಮತ್ತು ಫಾರ್ಮ್ 8843 (ವಿದ್ಯಾರ್ಥಿಯಾಗಿ ಇಲ್ಲಿದ್ದ ದಿನಗಳ ವಿವರ). ಹಾಗೆ ತಪ್ಪಾಗಿ ರಿಫಂಡ್ ತೆಗೆದುಕೊಂಡಿದ್ದರೆ, ಪತ್ರ ಬರುವವರೆಗೆ ಕಾಯಬೇಡಿ. 1040-ಎಕ್ಸ್ ಮೂಲಕ ತಿದ್ದಿ, ಹಣ ವಾಪಸ್ ಕಟ್ಟಿ. ಮುಂದೆ ವೀಸಾ, ಗ್ರೀನ್ ಕಾರ್ಡ್ ಅಂತ ಹೊರಟಾಗ ಹಳೆಯ ರಿಟರ್ನ್ ಸರಿಯಾಗಿರುವುದು ಬಹಳ ಮುಖ್ಯ.

ಭಾರತದಿಂದ ಬಂದ ವಿದ್ಯಾರ್ಥಿಗಳಿಗೆ ಬೇರೆ ಒಂದು ಅನುಕೂಲ ಇದೆ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯ ಪ್ರಕಾರ ಅವರು ನಾನ್‌ರೆಸಿಡೆಂಟ್ ಆಗಿದ್ದರೂ ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಳ್ಳಬಹುದು. 2025ಕ್ಕೆ ಒಬ್ಬರಿಗೆ ಅದು 15,750 ಡಾಲರ್. ಸ್ಕಾಲರ್‌ಶಿಪ್‌ನ ತೆರಿಗೆ ಬೀಳುವ ಭಾಗಕ್ಕೆ ಕಾಲೇಜು ಶೇ 14ರಷ್ಟು ಹಿಡಿದುಕೊಂಡು ಫಾರ್ಮ್ 1042-ಎಸ್ ಕೊಟ್ಟಿದ್ದರೆ, ಈ ಡಿಡಕ್ಷನ್‌ನಿಂದ ಅದರಲ್ಲಿ ಬಹುಪಾಲು ಅಥವಾ ಪೂರ್ತಿ ವಾಪಸ್ ಬರಬಹುದು. ಎಫ್-1 ಹುಡುಗರು ಕ್ರೆಡಿಟ್ ಬಿಟ್ಟು ಇದರ ಮೇಲೆ ಗಮನ ಇಡಬೇಕು.

ಇನ್ನು ಎಚ್-1ಬಿ ಕೆಲಸದ ವೀಸಾದ ಕುಟುಂಬಗಳು. ವರ್ಷಗಟ್ಟಲೆ ಇಲ್ಲೇ ಇದ್ದರೆ ಅಪ್ಪ, ಅಮ್ಮ, ಎಚ್-4 ಅವಲಂಬಿತರ ವೀಸಾದಲ್ಲಿರುವ ಮಕ್ಕಳು ಎಲ್ಲರೂ ತೆರಿಗೆಗೆ ರೆಸಿಡೆಂಟ್. ಕ್ರೆಡಿಟ್ ಸಿಗುತ್ತದೆ. ಮಗುವಿಗೆ ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್) ಇಲ್ಲದೆ ಐಟಿಐಎನ್ (ಎಸ್‌ಎಸ್‌ಎನ್ ಸಿಗದವರಿಗೆ ಕೊಡುವ ತೆರಿಗೆ ನಂಬರ್) ಮಾತ್ರ ಇದ್ದರೂ 2025ರ ರಿಟರ್ನ್‌ಗೆ ತೊಂದರೆ ಇಲ್ಲ. ರಿಟರ್ನ್‌ನ ಗಡುವಿನೊಳಗೆ ಆ ನಂಬರ್ ಸಿಕ್ಕಿರಬೇಕು, ಅಷ್ಟೇ. ಆದರೆ 2026ರ ತೆರಿಗೆ ವರ್ಷದಿಂದ ನಿಯಮ ಬದಲಾಗಿದೆ. 2025ರ ಜುಲೈನಲ್ಲಿ ಬಂದ ಹೊಸ ಕಾನೂನಿನ ಪ್ರಕಾರ ಕ್ರೆಡಿಟ್ ಕೇಳುವವರಿಗೂ ವಿದ್ಯಾರ್ಥಿಗೂ ಎಸ್‌ಎಸ್‌ಎನ್ ಇರಲೇಬೇಕು. ಎಚ್-4 ಮಕ್ಕಳಿರುವ ಮನೆಯವರಿಗೆ ಇದು ದೊಡ್ಡ ಹೊಡೆತ. ಅಂಥವರು 2025ರ ಕ್ರೆಡಿಟ್ ಅನ್ನು ಅಲಕ್ಷ್ಯ ಮಾಡಬೇಡಿ.

ಇನ್ನೊಂದು ಸೂಕ್ಷ್ಮ. ಮಗುವಿಗೆ 21 ಆಗಿ ಎಚ್-4ನಿಂದ ಎಫ್-1ಗೆ ಬದಲಾದರೆ, ನಂತರದ ವರ್ಷ ಆ ಮಗು ತೆರಿಗೆಗೆ ನಾನ್‌ರೆಸಿಡೆಂಟ್ ಆಗಿಬಿಡಬಹುದು. ಆಗ ಕ್ರೆಡಿಟ್ ಹೋಗುತ್ತದೆ, ನಿಮ್ಮ ರಿಟರ್ನ್‌ನಲ್ಲಿ ಡಿಪೆಂಡೆಂಟ್ (ಅವಲಂಬಿತ) ಅಂತ ತೋರಿಸುವುದಕ್ಕೂ ಆಗುವುದಿಲ್ಲ. ಆ ವರ್ಷ ಮಾತ್ರ ನಾನ್‌ರೆಸಿಡೆಂಟ್ ನಿಯಮ ಗೊತ್ತಿರುವವರ ಹತ್ತಿರವೇ ರಿಟರ್ನ್ ತುಂಬಿಸಿ.

ಆದಾಯದ ಮಿತಿಯನ್ನೂ ಇಲ್ಲೇ ನೋಡಿಬಿಡಿ. ಜಂಟಿ ರಿಟರ್ನ್ ಸಲ್ಲಿಸುವವರಿಗೆ ಆದಾಯ 1,60,000 ಡಾಲರ್ ದಾಟಿದರೆ ಕ್ರೆಡಿಟ್ ಕರಗುತ್ತಾ ಹೋಗಿ 1,80,000ಕ್ಕೆ ಸೊನ್ನೆಯಾಗುತ್ತದೆ. 1,70,000 ಇದ್ದರೆ ಅರ್ಧ ಸಿಗುತ್ತದೆ. ಒಬ್ಬರೇ ಸಲ್ಲಿಸುವವರಿಗೆ ಈ ಮಿತಿ 80,000 ಮತ್ತು 90,000. ಗಂಡ ಹೆಂಡತಿ ಬೇರೆ ಬೇರೆ ರಿಟರ್ನ್ ಸಲ್ಲಿಸಿದರೆ ಏನೂ ಸಿಗುವುದಿಲ್ಲ. ಇಬ್ಬರೂ ದುಡಿಯುವ ಮನೆಯಲ್ಲಿ ಅಂಕಿ ಗಡಿಯ ಹತ್ತಿರ ಇದ್ದರೆ, ಡಿಸೆಂಬರ್ ಮುಗಿಯುವ ಮೊದಲು ಸಂಬಳದಿಂದ 401ಕೆ ನಿವೃತ್ತಿ ಖಾತೆಗೆ ಸ್ವಲ್ಪ ಜಾಸ್ತಿ ಹಾಕಿದರೆ ಆದಾಯ ಮಿತಿಯೊಳಗೆ ಇಳಿಯಬಹುದು.

ಹಂತ 2: ಕಾಗದ ಪತ್ರ ಒಟ್ಟುಮಾಡಿ

1098-ಟಿ ಬೇಕು, ಅದರಲ್ಲಿ ಕಾಲೇಜಿನ ತೆರಿಗೆ ಗುರುತಿನ ನಂಬರ್ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ ಕಾಲೇಜಿನ ಅಕೌಂಟ್ ಸ್ಟೇಟ್‌ಮೆಂಟ್ ಬೇಕು. ಪೋರ್ಟಲ್‌ನಲ್ಲಿ ಬಿಲ್ಲಿಂಗ್ ಅಥವಾ ಸ್ಟೂಡೆಂಟ್ ಅಕೌಂಟ್ ಅಂತ ಒಂದು ಕಡೆ ಇರುತ್ತದೆ. ಜನವರಿ 1ರಿಂದ ಡಿಸೆಂಬರ್ 31ರವರೆಗಿನ ಎಲ್ಲ ಸಾಲುಗಳನ್ನೂ ಪ್ರಿಂಟ್ ತೆಗೆಯಿರಿ. ಪುಸ್ತಕದ ರಸೀದಿಗಳು, ಪ್ರತಿ ಗ್ರಾಂಟ್‌ನ ಮಂಜೂರಾತಿ ಪತ್ರ, ಮಗುವಿನ ಡಬ್ಲ್ಯು-2 (ಸಂಬಳದ ಫಾರ್ಮ್), 529 ಖಾತೆಯಿಂದ (ಓದಿಗಾಗಿ ಉಳಿಸುವ ಖಾತೆ) ಹಣ ತೆಗೆದಿದ್ದರೆ ಅದರ ಫಾರ್ಮ್ 1099-ಕ್ಯೂ, ಇವಿಷ್ಟು ಇದ್ದರೆ ಸಾಕು.

ಸ್ಟೇಟ್‌ಮೆಂಟ್ ಯಾಕೆ ಅಷ್ಟು ಮುಖ್ಯ? ಬಾಕ್ಸ್ 1 ಲೆಕ್ಕ ಹಿಡಿಯುವುದು ಹಣ ಕಟ್ಟಿದ ದಿನಾಂಕದ ಮೇಲೆ. ಸ್ಪ್ರಿಂಗ್ ಸೆಮಿಸ್ಟರ್ ಬಿಲ್ ಡಿಸೆಂಬರ್‌ನಲ್ಲಿ ಬರುತ್ತದೆ. ಡಿಸೆಂಬರ್ 28ಕ್ಕೆ ಕಟ್ಟಿದರೆ ಆ ವರ್ಷಕ್ಕೆ, ಜನವರಿ 3ಕ್ಕೆ ಕಟ್ಟಿದರೆ ಮುಂದಿನ ವರ್ಷಕ್ಕೆ. ಮುಂದಿನ ವರ್ಷದ ಮೊದಲ ಮೂರು ತಿಂಗಳಲ್ಲಿ ಶುರುವಾಗುವ ಸೆಮಿಸ್ಟರ್‌ಗೆ ಈಗಲೇ ಕಟ್ಟಿದ್ದನ್ನು ಈ ವರ್ಷಕ್ಕೇ ಹಿಡಿಯಬೇಕು. ಅಂಥದ್ದು ಸೇರಿದ್ದರೆ ಬಾಕ್ಸ್ 7ರಲ್ಲಿ ಗುರುತು ಇರುತ್ತದೆ. ಬಾಕ್ಸ್ 8ರಲ್ಲಿ ಗುರುತಿದ್ದರೆ ಕನಿಷ್ಠ ಹಾಫ್ ಟೈಮ್ (ಪೂರ್ಣ ಓದಿನ ಅರ್ಧದಷ್ಟು) ಓದುತ್ತಿದ್ದಾರೆ ಅಂತ, ಬಾಕ್ಸ್ 9ರಲ್ಲಿ ಇದ್ದರೆ ಸ್ನಾತಕೋತ್ತರ ವಿದ್ಯಾರ್ಥಿ ಅಂತ. ಬಾಕ್ಸ್ 4 ಅಥವಾ 6ರಲ್ಲಿ ಅಂಕಿ ಇದ್ದರೆ ಹಿಂದಿನ ವರ್ಷದ ಫೀಸಿನಲ್ಲೋ ಗ್ರಾಂಟ್‌ನಲ್ಲೋ ತಿದ್ದುಪಡಿ ಆಗಿದೆ. ಹಳೆಯ ರಿಟರ್ನ್ ತೆಗೆದು ನೋಡಬೇಕು.

ಹಂತ 3: ಖರ್ಚನ್ನು ಎರಡು ಗುಂಪು ಮಾಡಿ

ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ನಡುವೆ ಗೆರೆ ಎಳೆಯಿರಿ.

ಎಡಗಡೆ ಅರ್ಹ ಖರ್ಚು. ಟ್ಯೂಷನ್, ಕಾಲೇಜಿಗೆ ಸೇರಲು ಎಲ್ಲರೂ ಕಟ್ಟಲೇಬೇಕಾದ ಫೀಸು, ಕೋರ್ಸಿಗೆ ಬೇಕೇ ಬೇಕಾದ ಪುಸ್ತಕ, ಲ್ಯಾಬ್ ಸಾಮಾನು. ಬಲಗಡೆ ಉಳಿದದ್ದೆಲ್ಲ. ಹಾಸ್ಟೆಲ್ ಬಾಡಿಗೆ, ಊಟದ ಪ್ಲಾನ್, ಪ್ರಯಾಣ, ಪಾರ್ಕಿಂಗ್, ಆರೋಗ್ಯ ವಿಮೆ. ಬಲಗಡೆಯದ್ದಕ್ಕೆ ಕ್ರೆಡಿಟ್ ಇಲ್ಲ. ಹಾಗಂತ ಆ ಅಂಕಿಗಳನ್ನು ಬರೆಯದೆ ಬಿಡಬೇಡಿ. ಹಂತ 6ರಲ್ಲಿ ಅವು ಬಹಳ ಕೆಲಸಕ್ಕೆ ಬರುತ್ತವೆ.

ಪುಸ್ತಕದ ವಿಷಯದಲ್ಲಿ ಜನ ಸುಮ್ನೆ ನಷ್ಟ ಮಾಡಿಕೊಳ್ಳುತ್ತಾರೆ. ಹೊರಗಿನ ಅಂಗಡಿಯಲ್ಲಿ ಕೊಂಡ ಪುಸ್ತಕ 1098-ಟಿಯಲ್ಲಿ ಕಾಣುವುದಿಲ್ಲ. ಆದರೆ ಎರಡು ಎಜುಕೇಶನ್ ಕ್ರೆಡಿಟ್‌ಗಳಲ್ಲಿ ಒಂದಾದ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್‌ಗೆ (ಹಂತ 5 ನೋಡಿ) ಅದು ಲೆಕ್ಕಕ್ಕೆ ಬರುತ್ತದೆ. ಓದಿಗೆ ಬೇಕೇ ಬೇಕು ಅಂತಿದ್ದರೆ ಲ್ಯಾಪ್‌ಟಾಪ್ ಕೂಡ. ರಸೀದಿ ಇರಬೇಕು, ಅಷ್ಟೇ.

ಯಾರು ಕಟ್ಟಿದರು ಅನ್ನುವುದರ ಬಗ್ಗೆ ಹೆದರಬೇಡಿ. ಮಗಳು ತನ್ನ ಉಳಿತಾಯದಿಂದ ಕಟ್ಟಿದರೂ, ಮೈಸೂರಿನಿಂದ ತಾತ ಕಳಿಸಿದ ಹಣದಲ್ಲಿ ಕಟ್ಟಿದರೂ, ಅವಳನ್ನು ಡಿಪೆಂಡೆಂಟ್ ಅಂತ ನೀವು ತೋರಿಸುತ್ತಿದ್ದರೆ ಕ್ರೆಡಿಟ್ ನಿಮ್ಮ ರಿಟರ್ನ್‌ಗೇ ಬರುತ್ತದೆ. ಕಂಪನಿ ತೆರಿಗೆ ಇಲ್ಲದೆ ಕೊಟ್ಟ ಫೀಸಿನ ನೆರವು (ವರ್ಷಕ್ಕೆ 5,250 ಡಾಲರ್‌ವರೆಗೆ ಕೊಡಬಹುದು) ಮತ್ತು 529 ಖಾತೆಯ ಹಣದಿಂದ ಕಟ್ಟಿ ಅಲ್ಲಿ ಲೆಕ್ಕ ತೋರಿಸಿದ ಫೀಸು ಮಾತ್ರ ಇಲ್ಲಿ ಬರುವುದಿಲ್ಲ. ಒಂದೇ ಡಾಲರ್‌ಗೆ ಎರಡು ಅನುಕೂಲ ಕೊಡುವುದಿಲ್ಲ. ಇಡೀ ವಿಷಯದ ಬೇರು ಇದೇ.

ಹಂತ 4: ಗ್ರಾಂಟ್‌ನಲ್ಲಿ ಎಷ್ಟಕ್ಕೆ ತೆರಿಗೆ?

ಪದವಿಗಾಗಿ ಓದುತ್ತಿರುವ ವಿದ್ಯಾರ್ಥಿ ಗ್ರಾಂಟನ್ನು ಎಡಗಡೆಯ ಖರ್ಚಿಗೆ ಬಳಸಿದರೆ ತೆರಿಗೆ ಇಲ್ಲ. ಬಲಗಡೆಯ ಖರ್ಚಿಗೆ ಹೋದದ್ದು ಆದಾಯ. ಪಾಠ ಮಾಡಿದ್ದಕ್ಕೋ ಸಂಶೋಧನೆಯ ಕೆಲಸಕ್ಕೋ ಕೊಟ್ಟ ಹಣ ಸ್ಕಾಲರ್‌ಶಿಪ್ ಅಂತ ಹೆಸರಿದ್ದರೂ ಸಾಮಾನ್ಯವಾಗಿ ಸಂಬಳವೇ. ಅದು ಡಬ್ಲ್ಯು-2ನಲ್ಲಿ ಬರುತ್ತದೆ.

ಉದಾಹರಣೆಗೆ ಬಾಕ್ಸ್ 1ರಲ್ಲಿ 6,000, ಬಾಕ್ಸ್ 5ರಲ್ಲಿ 11,000, ಪುಸ್ತಕಕ್ಕೆ 700 ಅಂತಿಟ್ಟುಕೊಳ್ಳಿ. ಅರ್ಹ ಖರ್ಚು 6,700. ಮಿಕ್ಕ 4,300 ಹಾಸ್ಟೆಲ್‌ಗೋ ಊಟಕ್ಕೋ ಹೋಗಿದೆ. ಆ 4,300 ವಿದ್ಯಾರ್ಥಿಯ ಆದಾಯ. ತೋರಿಸಬೇಕಾದ ಜಾಗ ವಿದ್ಯಾರ್ಥಿಯ ರಿಟರ್ನ್‌ನ ಷೆಡ್ಯೂಲ್ 1, ಸಾಲು 8ಆರ್. ಅಪ್ಪ ಅಮ್ಮನ ರಿಟರ್ನ್ ಅಲ್ಲ. ಈ ಒಂದು ಸಾಲನ್ನು ತಪ್ಪು ರಿಟರ್ನ್‌ನಲ್ಲಿ ತುಂಬಿ ಜಾಸ್ತಿ ತೆರಿಗೆ ಕಟ್ಟಿದ ಮನೆಗಳನ್ನು ನಾನು ನೋಡಿದ್ದೇನೆ. ಸಾಫ್ಟ್‌ವೇರ್ ಕೇಳಿದ ಕಡೆ ತುಂಬುತ್ತಾ ಹೋದರೆ ಹೀಗಾಗುವುದು ಸುಲಭ.

ಆದಾಯ ಅಂದ ತಕ್ಷಣ ಗಾಬರಿ ಬೇಡ. ಡಿಪೆಂಡೆಂಟ್ ಆಗಿರುವ ಮಗುವಿನ ಸ್ಟ್ಯಾಂಡರ್ಡ್ ಡಿಡಕ್ಷನ್ ಲೆಕ್ಕ ಹಾಕುವಾಗ ಈ ಗ್ರಾಂಟ್ ಅನ್ನು ದುಡಿದ ಆದಾಯದ ಹಾಗೆ ಹಿಡಿಯುತ್ತಾರೆ. ದುಡಿದದ್ದಕ್ಕೆ 450 ಸೇರಿಸಿದಷ್ಟು ಡಿಡಕ್ಷನ್ ಸಿಗುತ್ತದೆ, 15,750ರವರೆಗೆ. ಹಾಗಾಗಿ 4,300 ಬಿಟ್ಟು ಬೇರೆ ಆದಾಯ ಇಲ್ಲದಿದ್ದರೆ ತೆರಿಗೆ ಸೊನ್ನೆ.

ಆದರೆ ಕಿಡ್ಡಿ ಟ್ಯಾಕ್ಸ್ ಅಂತ ಒಂದು ನಿಯಮ ಇದೆ. ಅಲ್ಲಿ ಮಾತ್ರ ಇದೇ ಗ್ರಾಂಟ್ ಅನ್ನು ದುಡಿಯದೆ ಬಂದ ಆದಾಯ ಅಂತ ನೋಡುತ್ತಾರೆ. ಫುಲ್ ಟೈಮ್ ಓದುತ್ತಿರುವ 24ರೊಳಗಿನ ಮಗು ರಿಟರ್ನ್ ಸಲ್ಲಿಸಲೇಬೇಕಾದ ಸ್ಥಿತಿ ಇದ್ದು, ಇಂಥ ಆದಾಯ 2,700 ಡಾಲರ್ ದಾಟಿದ್ದರೆ, ಸಾಮಾನ್ಯವಾಗಿ ಫಾರ್ಮ್ 8615 ಬೇಕಾಗುತ್ತದೆ. ಆಗ ತೆರಿಗೆ ಬೀಳುವ ಭಾಗಕ್ಕೆ ಅಪ್ಪ ಅಮ್ಮನ ದರ ಬೀಳಬಹುದು. ಮಗುವಿಗೆ ಕ್ಯಾಂಪಸ್ ಕೆಲಸ, ಷೇರು, ಬಡ್ಡಿ ಎಲ್ಲ ಇದ್ದರೆ ಇದನ್ನು ಮರೆಯಬೇಡಿ.

ಹಂತ 5: ಎರಡು ಕ್ರೆಡಿಟ್‌ಗಳಲ್ಲಿ ಯಾವುದು?

ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್ ಕಾಲೇಜಿನ ಮೊದಲ ನಾಲ್ಕು ವರ್ಷದ ಓದಿಗೆ. ಮೊದಲ 2,000 ಡಾಲರ್ ಖರ್ಚಿಗೆ ಪೂರ್ತಿ, ಮುಂದಿನ 2,000ಕ್ಕೆ ಶೇ 25. ಒಟ್ಟು ಒಬ್ಬ ವಿದ್ಯಾರ್ಥಿಗೆ 2,500ರವರೆಗೆ. ಇದರಲ್ಲಿ ಶೇ 40, ಅಂದರೆ 1,000ದವರೆಗೆ, ನೀವು ಕಟ್ಟಬೇಕಾದ ತೆರಿಗೆ ಸೊನ್ನೆಯಾಗಿದ್ದರೂ ಕೈಗೆ ಬರುತ್ತದೆ. ವಿದ್ಯಾರ್ಥಿ ಪದವಿಗೋ ಸರ್ಟಿಫಿಕೇಟ್‌ಗೋ ಓದುತ್ತಿರಬೇಕು, ಆ ವರ್ಷ ಕನಿಷ್ಠ ಒಂದು ಸೆಮಿಸ್ಟರ್ ಆದರೂ ಹಾಫ್ ಟೈಮ್ ಅಥವಾ ಅದಕ್ಕಿಂತ ಜಾಸ್ತಿ ಓದಿರಬೇಕು, ಮಾದಕ ವಸ್ತುವಿನ ಗಂಭೀರ ಅಪರಾಧ ಸಾಬೀತಾಗಿರಬಾರದು.

ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಉಳಿದವರಿಗೆ. ಸ್ನಾತಕೋತ್ತರ ಓದು, ಕಮ್ಯುನಿಟಿ ಕಾಲೇಜಿನಲ್ಲಿ ಕೆಲಸಕ್ಕಾಗಿ ಕಲಿಯುವ ಒಂದೇ ಒಂದು ಕೋರ್ಸ್, ಎಲ್ಲಕ್ಕೂ ಸಿಗುತ್ತದೆ. ವರ್ಷಗಳ ಮಿತಿ ಇಲ್ಲ. 10,000 ಡಾಲರ್‌ವರೆಗಿನ ಫೀಸಿಗೆ ಶೇ 20, ಇಡೀ ರಿಟರ್ನ್‌ಗೆ ಸೇರಿ 2,000ದವರೆಗೆ. ಕಟ್ಟಬೇಕಾದ ತೆರಿಗೆಗಿಂತ ಜಾಸ್ತಿ ಆದರೆ ಮಿಕ್ಕದ್ದು ಕೈಗೆ ಬರುವುದಿಲ್ಲ. ಪುಸ್ತಕಕ್ಕೆ ಕಾಲೇಜಿಗೇ ಕಡ್ಡಾಯವಾಗಿ ಕಟ್ಟಿದ್ದರೆ ಮಾತ್ರ ಲೆಕ್ಕ. ಮಕ್ಕಳು ಶಾಲೆಗೆ ಹೋದ ಮೇಲೆ ತಾವೂ ಮಾಸ್ಟರ್ಸ್ ಮಾಡುತ್ತಿರುವ ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ಒಗ್ಗುವುದು ಇದೇ.

ಮೊದಲನೆಯದರಲ್ಲಿ ಒಂದು ಎಣಿಕೆ ಇದೆ. ನಾಲ್ಕು ವರ್ಷದ ಕಾಲೇಜು ಐದು ತೆರಿಗೆ ವರ್ಷಕ್ಕೆ ಹರಡಿಕೊಳ್ಳುತ್ತದೆ. 2025ರ ಆಗಸ್ಟ್‌ನಲ್ಲಿ ಸೇರಿದ ಮಗು 2029ರ ಮೇ ತಿಂಗಳಲ್ಲಿ ಮುಗಿಸುತ್ತದೆ. ಅಂದರೆ 2025, 26, 27, 28, 29. ಕ್ರೆಡಿಟ್ ಸಿಗುವುದು ನಾಲ್ಕು ಸಲ ಮಾತ್ರ. ಮೊದಲ ವರ್ಷ ಒಂದೇ ಸೆಮಿಸ್ಟರ್, ಗ್ರಾಂಟ್ ಕಳೆದು ಉಳಿದದ್ದು 300 ಡಾಲರ್ ಅಂತಿದ್ದರೆ, ಆ ವರ್ಷಕ್ಕೆ ಒಂದು ಸಲವನ್ನು ಖರ್ಚು ಮಾಡಬೇಡಿ. ಆ ವರ್ಷ ಲೈಫ್‌ಟೈಮ್ ತೆಗೆದುಕೊಂಡು, ಖರ್ಚು ಜಾಸ್ತಿ ಇರುವ ನಾಲ್ಕು ವರ್ಷಕ್ಕೆ ದೊಡ್ಡದನ್ನು ಉಳಿಸಿಕೊಳ್ಳಿ. ಆದರೆ ಹಂತ 6ರ ಲೆಕ್ಕ ಮಾಡಿದ ಮೇಲೆ ಇದನ್ನು ತೀರ್ಮಾನಿಸಿ. 300 ಅಂತ ಕಂಡದ್ದು ಅಲ್ಲಿ 4,000 ಆಗಬಹುದು.

ಹಂತ 6: ಗ್ರಾಂಟ್ ಯಾವ ಖರ್ಚಿಗೆ ಹೋಯಿತು ಅಂತ ನೀವೇ ಹಂಚಿ

ನಾನು ಮೊದಲ ವರ್ಷ ಬಿಟ್ಟದ್ದು ಈ ಹಂತವನ್ನು. ನಿಧಾನವಾಗಿ ಓದಿ.

ಬಹಳಷ್ಟು ಗ್ರಾಂಟ್‌ಗಳು ಫೀಸಿಗೂ ಆಗುತ್ತವೆ, ಹಾಸ್ಟೆಲ್ ಊಟಕ್ಕೂ ಆಗುತ್ತವೆ. ಪೆಲ್ ಗ್ರಾಂಟ್ ಅಂಥದ್ದೇ. ಕಾಲೇಜು ತನ್ನ ಪುಸ್ತಕದಲ್ಲಿ ಅದನ್ನು ಮೊದಲು ಟ್ಯೂಷನ್‌ಗೆ ಜಮಾ ಮಾಡಿರುತ್ತದೆ. ಆದರೂ ತೆರಿಗೆ ಲೆಕ್ಕದಲ್ಲಿ ಅದರ ಒಂದು ಭಾಗ ಹಾಸ್ಟೆಲ್ ಊಟಕ್ಕೆ ಹೋಯಿತು ಅಂತ ತೋರಿಸಲು ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಅವಕಾಶ ಕೊಟ್ಟಿದೆ. ಹಾಗೆ ತೋರಿಸಿದ ಭಾಗ ವಿದ್ಯಾರ್ಥಿಗೆ ಆದಾಯವಾಗುತ್ತದೆ. ಅಷ್ಟೇ ಮೊತ್ತದ ಟ್ಯೂಷನ್ ಗ್ರಾಂಟ್‌ನ ಲೆಕ್ಕದಿಂದ ಬಿಡುವಾಗಿ ನಿಮ್ಮ ಕ್ರೆಡಿಟ್‌ಗೆ ಸಿಗುತ್ತದೆ.

ಒಂದು ಮನೆಯ ಲೆಕ್ಕ ಮಾಡೋಣ. ಅಪ್ಪ ಅಮ್ಮನ ಆದಾಯ ಮಿತಿಯೊಳಗಿದೆ. ಮಗಳದ್ದು ಬಾಕ್ಸ್ 1ರಲ್ಲಿ 9,000, ಬಾಕ್ಸ್ 5ರಲ್ಲಿ 8,000. ಪುಸ್ತಕ 400. ಹಾಸ್ಟೆಲ್, ಊಟ 7,000. ಬೇಸಿಗೆಯಲ್ಲಿ ಅವಳು ದುಡಿದದ್ದು 3,500.

ಸುಮ್ನೆ ತುಂಬಿದರೆ ಹೀಗೆ: ಅರ್ಹ ಖರ್ಚು 9,400, ಅದರಲ್ಲಿ ಗ್ರಾಂಟ್ 8,000 ಕಳೆದರೆ 1,400. ಕ್ರೆಡಿಟ್ 1,400 ಡಾಲರ್.

ಹಂಚಿ ತುಂಬಿದರೆ ಹೀಗೆ: ಪೂರ್ತಿ ಕ್ರೆಡಿಟ್‌ಗೆ 4,000 ಅರ್ಹ ಖರ್ಚು ಬೇಕು. 9,400ರಲ್ಲಿ 4,000 ಪಕ್ಕಕ್ಕಿಡಿ. ಉಳಿದ 5,400ಕ್ಕೆ ಗ್ರಾಂಟ್ ಹಾಕಿ. ಗ್ರಾಂಟ್‌ನಲ್ಲಿ ಮಿಕ್ಕದ್ದು 2,600. ಅದು ಹಾಸ್ಟೆಲ್ ಊಟಕ್ಕೆ. ಈಗ ನಿಮ್ಮ ಕ್ರೆಡಿಟ್ 2,500. ಮಗಳ ಆದಾಯ 3,500 ಮತ್ತು 2,600 ಸೇರಿ 6,100. ಅವಳ ಡಿಡಕ್ಷನ್ 6,550. ಅವಳಿಗೆ ಬೀಳುವ ತೆರಿಗೆ ಸೊನ್ನೆ. 2,600 ಅನ್ನುವುದು 2,700ಕ್ಕಿಂತ ಕಡಿಮೆ, ಹಾಗಾಗಿ ಕಿಡ್ಡಿ ಟ್ಯಾಕ್ಸ್ ಕೂಡ ಇಲ್ಲ. ಮನೆಗೆ 1,100 ಡಾಲರ್ ಲಾಭ. ಒಂದು ಸೆಮಿಸ್ಟರ್‌ನ ಪುಸ್ತಕದ ಖರ್ಚು ಕಳೆದೂ ಉಳಿಯುತ್ತದೆ ಅಲ್ವಾ?

ಷರತ್ತು ಮೂರು. ಗ್ರಾಂಟ್‌ನ ನಿಯಮದಲ್ಲಿ ಇದು ಟ್ಯೂಷನ್‌ಗೆ ಮಾತ್ರ ಅಂತ ಇರಬಾರದು. ಅದಕ್ಕೇ ಮಂಜೂರಾತಿ ಪತ್ರ ಓದಬೇಕು. ಹಾಸ್ಟೆಲ್ ಊಟಕ್ಕೆ ನಿಜವಾಗಿ ಖರ್ಚಾದದ್ದಕ್ಕಿಂತ ಜಾಸ್ತಿ ತೋರಿಸುವ ಹಾಗಿಲ್ಲ. ಆದಾಯ ಅಂತ ತೋರಿಸಿದ್ದನ್ನು ಮಗು ರಿಟರ್ನ್ ಸಲ್ಲಿಸುವುದಾದರೆ ಅದರಲ್ಲಿ ಸೇರಿಸಲೇಬೇಕು. ಅಪ್ಪನ ರಿಟರ್ನ್‌ನಲ್ಲಿ ಕ್ರೆಡಿಟ್ ಏರಿಸಿ, ಮಗಳ ರಿಟರ್ನ್‌ನಲ್ಲಿ ಆದಾಯ ಬಿಟ್ಟರೆ ಅದು ಸುಳ್ಳು ರಿಟರ್ನ್.

ಎಲ್ಲ ಮನೆಗೂ ಇದು ಲಾಭವಲ್ಲ. ಮಗು ಚೆನ್ನಾಗಿ ದುಡಿಯುತ್ತಿದ್ದರೆ ಅದರ ಕಡೆ ತೆರಿಗೆ ಏರಬಹುದು. ಎರಡೂ ರೀತಿ ಲೆಕ್ಕ ಹಾಕಿ, ಎರಡು ರಿಟರ್ನ್‌ನ ಮೊತ್ತ ಕೂಡಿಸಿ ನೋಡಿ. ರಾಜ್ಯದ ತೆರಿಗೆಯನ್ನೂ ಸೇರಿಸಿ.

ಹಂತ 7: ಫಾರ್ಮ್ ತುಂಬುವುದು

ಕ್ರೆಡಿಟ್‌ಗೆ ಫಾರ್ಮ್ 8863. ಇದನ್ನು ಎರಡನೇ ಪುಟದಿಂದ ಶುರು ಮಾಡಬೇಕು. ಅಲ್ಲಿ ಭಾಗ 3ರಲ್ಲಿ ವಿದ್ಯಾರ್ಥಿಯ ಹೆಸರು, ನಂಬರ್, ಕಾಲೇಜಿನ ವಿಳಾಸ ಮತ್ತು ತೆರಿಗೆ ಗುರುತಿನ ನಂಬರ್. ಆಮೇಲೆ ನಾಲ್ಕು ಪ್ರಶ್ನೆ: ಹಿಂದೆ ನಾಲ್ಕು ಸಲ ತೆಗೆದುಕೊಂಡಿದ್ದೀರಾ, ಹಾಫ್ ಟೈಮ್ ಓದಿದ್ದಾರಾ, ವರ್ಷ ಶುರುವಾಗುವ ಮೊದಲೇ ನಾಲ್ಕು ವರ್ಷದ ಓದು ಮುಗಿದಿತ್ತಾ, ಅಪರಾಧ ಸಾಬೀತಾಗಿದೆಯಾ. ಇಬ್ಬರು ಮಕ್ಕಳು ಕಾಲೇಜಿನಲ್ಲಿದ್ದರೆ ಒಬ್ಬೊಬ್ಬರಿಗೂ ಬೇರೆ ಪುಟ.

ಸಾಲು 27ರಲ್ಲಿ ಹಂಚಿದ ಮೇಲೆ ಉಳಿದ ಅರ್ಹ ಖರ್ಚು, 4,000 ಮೀರದ ಹಾಗೆ. ಮೇಲಿನ ಮನೆಗೆ 27ರಲ್ಲಿ 4,000, 28ರಲ್ಲಿ 2,000, 29ರಲ್ಲಿ 500, 30ರಲ್ಲಿ 2,500. ಲೈಫ್‌ಟೈಮ್ ಆದರೆ ಸಾಲು 31. ಒಬ್ಬ ವಿದ್ಯಾರ್ಥಿಗೆ ಒಂದು ವರ್ಷದಲ್ಲಿ ಎರಡರಲ್ಲಿ ಒಂದೇ.

ನಂತರ ಮೊದಲ ಪುಟಕ್ಕೆ ಬನ್ನಿ. ಆದಾಯ ಮಿತಿಯ ಲೆಕ್ಕ ಮುಗಿದ ಮೇಲೆ ಕೈಗೆ ಬರುವ ಭಾಗ ಸಾಲು 8ರಲ್ಲಿ ಸಿಗುತ್ತದೆ. ಅದು 1040ರ ಸಾಲು 29ಕ್ಕೆ. ತೆರಿಗೆಯಿಂದ ಮಾತ್ರ ಕಳೆಯುವ ಭಾಗ ಸಾಲು 19ರಿಂದ ಷೆಡ್ಯೂಲ್ 3ರ ಸಾಲು 3ಕ್ಕೆ. ಈ ಮನೆಯಲ್ಲಿ ಅವು 1,000 ಮತ್ತು 1,500.

ಸಾಫ್ಟ್‌ವೇರ್ ಬಳಸುವವರು ಬಾಕ್ಸ್ 5ರ ಅಂಕಿ ಹಾಕಿದ ಮೇಲೆ ಬರುವ ಒಂದು ಪ್ರಶ್ನೆಗಾಗಿ ಕಾಯಿರಿ. ಗ್ರಾಂಟ್‌ನಲ್ಲಿ ಎಷ್ಟು ಹಾಸ್ಟೆಲ್ ಊಟಕ್ಕೆ ಅಂತ ಅದು ಎಲ್ಲೋ ಒಂದು ಕಡೆ ಕೇಳುತ್ತದೆ. ಅಲ್ಲಿ 2,600 ಹಾಕಬೇಕು. ಕೊನೆಯಲ್ಲಿ ಫಾರ್ಮ್ 8863 ತೆರೆದು ಸಾಲು 27ರಲ್ಲಿ ನಿಮ್ಮ ಹಾಳೆಯ ಅಂಕಿಯೇ ಇದೆಯಾ ನೋಡಿ. ಇಲ್ಲದಿದ್ದರೆ ಕಳಿಸಬೇಡಿ. ಮಗಳ ರಿಟರ್ನ್‌ನಲ್ಲಿ ಷೆಡ್ಯೂಲ್ 1ರ 8ಆರ್‌ನಲ್ಲಿ 2,600, ಮತ್ತು ನನ್ನನ್ನು ಬೇರೆಯವರು ಡಿಪೆಂಡೆಂಟ್ ಅಂತ ತೋರಿಸಬಹುದು ಅನ್ನುವ ಬಾಕ್ಸ್‌ಗೆ ಗುರುತು. ಮಕ್ಕಳು ಬೇಗ ರಿಫಂಡ್ ಬೇಕು ಅಂತ ಫೆಬ್ರವರಿಯಲ್ಲೇ ಫೋನಿನಲ್ಲಿ ಸಲ್ಲಿಸಿ, ಈ ಗುರುತು ಬಿಟ್ಟುಬಿಡುತ್ತಾರೆ. ಆಗ ಅಪ್ಪ ಅಮ್ಮನ ಇ-ಫೈಲ್ ತಿರಸ್ಕಾರವಾಗಬಹುದು.

ಆದಾಯ ಮಿತಿ ದಾಟಿದ ಮನೆಗೆ

ನಿಮ್ಮ ಆದಾಯ 1,80,000 ದಾಟಿದ್ದರೆ ಇನ್ನೊಂದು ದಾರಿ ಇದೆ. ಮಗುವನ್ನು ನೀವು ಡಿಪೆಂಡೆಂಟ್ ಅಂತ ತೋರಿಸದೆ ಬಿಟ್ಟರೆ, ಮಗು ತನ್ನ ರಿಟರ್ನ್‌ನಲ್ಲೇ ಕ್ರೆಡಿಟ್ ಕೇಳಬಹುದು. 24ರೊಳಗಿನ ವಿದ್ಯಾರ್ಥಿಗೆ ಸಾಮಾನ್ಯವಾಗಿ ಕೈಗೆ ಬರುವ 1,000 ಸಿಗುವುದಿಲ್ಲ. ಅದರ ತೆರಿಗೆ ಎಷ್ಟಿದೆಯೋ ಅಷ್ಟರಿಂದ ಮಾತ್ರ ಕಳೆಯುತ್ತದೆ. ನೀವು ಕಳೆದುಕೊಳ್ಳುವುದು 500 ಡಾಲರ್‌ನ ಡಿಪೆಂಡೆಂಟ್ ಕ್ರೆಡಿಟ್. ಮಗು ಇಂಟರ್ನ್‌ಶಿಪ್‌ನಲ್ಲಿ ಒಳ್ಳೆ ಸಂಬಳ ತೆಗೆದುಕೊಂಡು 500ಕ್ಕಿಂತ ಸಾಕಷ್ಟು ಜಾಸ್ತಿ ತೆರಿಗೆ ಕಟ್ಟುವ ವರ್ಷ ಮಾತ್ರ ಇದು ಲಾಭ.

ಕಳಿಸಿದ ಮೇಲೆ

ನೀವು ಹಂಚಿದ ಆ ಬಿಳಿ ಹಾಳೆ, ಸ್ಟೇಟ್‌ಮೆಂಟ್, ರಸೀದಿ, ಮಂಜೂರಾತಿ ಪತ್ರ ಎಲ್ಲವನ್ನೂ ಒಂದೇ ಕವರಿನಲ್ಲಿ ಹಾಕಿ, ಮೇಲೆ ವರ್ಷ ಬರೆದು ಕನಿಷ್ಠ ಮೂರು ವರ್ಷ ಇಡಿ. ಎಷ್ಟನೇ ಸಲ ಕ್ರೆಡಿಟ್ ತೆಗೆದುಕೊಂಡಿರಿ ಅನ್ನುವುದನ್ನೂ ಕವರಿನ ಮೇಲೆ ಬರೆಯಿರಿ. ಐಆರ್‌ಎಸ್‌ನಿಂದ ಪತ್ರ ಬಂದರೆ ಅವರು ಕೇಳುವುದು ಇದೇ ಕಾಗದಗಳನ್ನು. ಬೇಜವಾಬ್ದಾರಿಯಿಂದ ತಪ್ಪು ಕ್ರೆಡಿಟ್ ಕೇಳಿದ್ದು ಅಂತ ತೀರ್ಮಾನವಾದರೆ ಎರಡು ವರ್ಷ, ಮೋಸ ಅಂತಾದರೆ ಹತ್ತು ವರ್ಷ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್ ಕೇಳುವ ಹಾಗಿಲ್ಲ.

ಹಿಂದಿನ ವರ್ಷಗಳಲ್ಲಿ ನನ್ನ ಹಾಗೆ ಸುಮ್ನೆ ತುಂಬಿ ಕಳಿಸಿದ್ದರೆ ಹಳೆಯ 1098-ಟಿಗಳನ್ನು ಹೊರಗೆ ತೆಗೆಯಿರಿ. ರಿಫಂಡ್ ಕೇಳಲು ಸಾಮಾನ್ಯವಾಗಿ ಮೂರು ವರ್ಷದ ಅವಕಾಶ ಇದೆ. ನಿಮ್ಮದಕ್ಕೆ ಒಂದು 1040-ಎಕ್ಸ್ ಬೇಕು. ಮಗಳು ಆ ವರ್ಷ ರಿಟರ್ನ್ ಸಲ್ಲಿಸಿದ್ದರೆ ಅವಳದಕ್ಕೂ ಒಂದು. ನಾವು ಎರಡನ್ನೂ ಒಂದೇ ಶನಿವಾರ ಊಟದ ಮೇಜಿನ ಮೇಲೆ ತುಂಬಿ, ಒಟ್ಟಿಗೇ ಕಳಿಸಿದೆವು. ಕೆಲವು ತಿಂಗಳ ನಂತರ ಚೆಕ್ ಬಂತು. ಅದನ್ನು ಮಗಳ ಮುಂದಿನ ಸೆಮಿಸ್ಟರ್ ಬಿಲ್ಲಿಗೇ ಕಟ್ಟಿದೆವು, ಡಿಸೆಂಬರ್ 31ರೊಳಗೆ.